ದಾರಿಯೇ ಅಡ್ಡಿಯಾದ ಬಗೆ

ನಾರ್ವೆಯ ಪಶ್ಚಿಮ ತೀರದಲ್ಲಿ, ಬರ್ಗೆನ್ ನಗರಕ್ಕೆ ಉತ್ತರದಲ್ಲಿ, ಕಡಲು ನಾಡಿನೊಳಕ್ಕೆ 200 ಕಿಲೋಮೀಟರಿಗೂ ಹೆಚ್ಚು ದೂರ ನುಗ್ಗಿಬಂದಿದೆ. ಆ ನೀಳವಾದ ಕೊಲ್ಲಿಗೆ ಸೋಗ್ನೆಫಿಯೋರ್ಡ್ ಎಂದು ಹೆಸರು. ಹಿಮಯುಗದ ಹಿಮನದಿಗಳು ಬಂಡೆಯನ್ನು ಕೊರೆದು ಮಾಡಿದ ಕಣಿವೆಯದು. ಒಳನಾಡಿನಲ್ಲಿ ದಪ್ಪವೂ ಭಾರವೂ ಮಿಗಿಲಾಗಿದ್ದ ಹಿಮ ಅಗಾಧವಾಗಿ ಕೊರೆಯಿತು. ಅಲ್ಲಿ ನೀರಿನ ಆಳ 1,308 ಮೀಟರಿನವರೆಗೂ ಉಂಟು. ಕಡಲ ಬಳಿಗೆ ಬರುವಷ್ಟರಲ್ಲಿ ಹಿಮ ಹರಡಿ ತೆಳುವಾದುದರಿಂದ ಕೊಲ್ಲಿಯ ಬಾಯಲ್ಲಿ ಆಳ 200 ಮೀಟರಿಗಿಂತ ಕಡಮೆ. ಬಾಗಿಲಲ್ಲಿ ಎತ್ತರದ ಹೊಸ್ತಿಲು, ಒಳಗೆ ಪಾತಾಳ!

ದಡದ ಹಳ್ಳಿಗಳಿಗೆ ಬೆನ್ನ ಹಿಂದೆ ಕಡಿದಾದ ಬೆಟ್ಟ, ಕಣ್ಣ ಮುಂದೆ ನೀರು. ದೋಣಿಯ ಕಾಲದಲ್ಲಿ ಇದೊಂದು ಕೊರತೆಯೆನಿಸಿರಲಿಲ್ಲ. ನೀರೇ ಅವರ ರಾಜಮಾರ್ಗ. ಎದುರು ದಡದವರೇ ನೆರೆಹೊರೆ. 1858ರಲ್ಲಿ ಇಲ್ಲಿನ ಹಡಗಿನ ಸಂಸ್ಥೆ ಹುಟ್ಟಿ, ಉಗಿಹಡಗು ಆ ಮಾರ್ಗವನ್ನೇ ಹಿಡಿಯಿತು. ಆದರೆ ಮೋಟಾರು ಬಂದಿತು. ಅಂದಿನಿಂದ ಕೂಡಿಸುತ್ತಿದ್ದ ನೀರೇ ಅಗಲಿಸತೊಡಗಿತು. ಸಾವಿರ ಮೀಟರ್ ಆಳದಲ್ಲಿ ಸೇತುವೆಗೆ ಕಂಬ ನಿಲ್ಲಿಸುವುದೆಂತು? ಮುಖ್ಯ ಕೊಲ್ಲಿಯ ಮೇಲೆ ಈವರೆಗೂ ಸೇತುವೆಯಾಗಿಲ್ಲ. ನಡುರಾತ್ರಿ ರೋಗಿಯನ್ನು ಆಚೆ ದಡಕ್ಕೆ ಸಾಗಿಸಬೇಕಾದವನಿಗೆ ದೂರವೆಂಬುದು ಕಿಲೋಮೀಟರಿನ ಲೆಕ್ಕವಲ್ಲ. ಮುಂದಿನ ಹಡಗು ಎಷ್ಟು ಹೊತ್ತಿಗೆ ಎಂಬುದರ ಲೆಕ್ಕ.

ನೀರು ಒಪ್ಪದಿದ್ದಾಗ ಜನ ಬೆಟ್ಟಕ್ಕೆ ಕೈಹಾಕಿದರು. ಕೊಲ್ಲಿಯ ತುದಿಯೊಂದರಲ್ಲಿರುವ ಫ್ಲೋಮ್ ಎಂಬ ಹಳ್ಳಿಯಿಂದ 1940ರಲ್ಲಿ ತೆರೆದ ರೈಲುದಾರಿ, 20 ಕಿಲೋಮೀಟರಿನಲ್ಲಿ 860 ಮೀಟರಿಗೂ ಹೆಚ್ಚು ಎತ್ತರವೇರಿ ಬರ್ಗೆನ್–ಓಸ್ಲೋ ರೈಲುಮಾರ್ಗವನ್ನು ಸೇರುತ್ತದೆ. ಔರ್‌ಲಾಂಡ್, ಲೇರ್ಡಾಲ್ ಊರುಗಳ ನಡುವಣ ಬೆಟ್ಟದ ದಾರಿ ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುವುದು. 2000ದಲ್ಲಿ ಅದರಡಿ 24.5 ಕಿಲೋಮೀಟರಿನ ಸುರಂಗ ತೆರೆಯಿತು. ಮೋಟಾರು ಓಡುವ ಸುರಂಗಗಳಲ್ಲಿ ಜಗತ್ತಿನಲ್ಲೇ ಉದ್ದವಾದುದು ಇದು. ಚಾಲಕನಿಗೆ ತೂಕಡಿಕೆ ಬಾರದಿರಲೆಂದು ನಡುನಡುವೆ ಮೂರು ಗುಹೆಗಳನ್ನು ಅಗಲಿಸಿ ನೀಲಿ ಬೆಳಕು ಹಾಯಿಸಿದ್ದಾರೆ.

ನೀರನ್ನು ದಾಟುವ ವಿದ್ಯೆಯೂ ನಿಂತಲ್ಲೇ ನಿಲ್ಲಲಿಲ್ಲ. ಕೊಲ್ಲಿಯ ಬಾಯಿಯ ಕಡೆ, ಲಾವಿಕ್–ಓಪ್ಪೆಡಾಲ್ ನಡುವೆ, 120 ಕಾರುಗಳನ್ನು ಹೊರಬಲ್ಲ ‘ಆಂಪಿಯರ್’ ಎಂಬ ಹಡಗು 2015ರಲ್ಲಿ ಸಂಚಾರ ತೊಡಗಿತು. ಬರಿಯ ಬ್ಯಾಟರಿಯಿಂದ ನಡೆವ ಇಂಥ ಹಡಗು ಜಗತ್ತಿನಲ್ಲಿ ಅದೇ ಮೊದಲು. ಅದಕ್ಕೆ ಬೇಕಾದಷ್ಟು ವಿದ್ಯುತ್ತನ್ನು ಒಮ್ಮೆಲೇ ಕೊಡುವ ಶಕ್ತಿ ಹಳ್ಳಿಯ ತಂತಿಗಿರಲಿಲ್ಲ. ಆದುದರಿಂದ ದಡದಲ್ಲೂ ಬ್ಯಾಟರಿಗಳನ್ನಿಟ್ಟರು. ಅವು ಮೆಲ್ಲಗೆ ಕೂಡಿಟ್ಟುಕೊಂಡು, ಹಡಗು ಬಂದೊಡನೆ ಧಾರೆಯೆರೆಯುವುವು.

ಹಿಮನದಿ ಸಾವಿರಾರು ವರ್ಷ ಕೊರೆದ ಬಂಡೆಯನ್ನು ಮನುಷ್ಯನೂ ಕೊರೆದ. ಆದರೆ ನಡುಗೊಲ್ಲಿಯ ಆಳ ಇನ್ನೂ ಅವನಿಗೆ ಮಣಿದಿಲ್ಲ. ಅಲ್ಲಿ ಇಂದಿಗೂ ಮೋಟಾರು ನಿಂತು, ಹಡಗಿನ ದಾರಿ ಕಾಯಬೇಕು.