ಡಬ್ಬಿಯ ಮೇಲಿನ ಹೆಸರು, ಡ್ರೈವರನ ಕುತ್ತಿಗೆ



ಹೋಟೆಲ್ ಕೆಲಸಗಾರರ ಪತ್ರಿಕೆಯಲ್ಲಿ ಮೋಟಾರಿನ ಮಾತೇಕೆ ಎಂದು ಕೇಳುವವರಿದ್ದಾರೆ. ಬೆಳಗಿನ ಜಾವ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ತರಕಾರಿ ಮೂಟೆ ಹೇರಿಕೊಂಡು ಬರುವ ಓಮ್ನಿಯನ್ನು ಓಡಿಸುವವರು ಯಾರು? ಧಣಿಗಳೇ? ಮಳೆಗಾಲಕ್ಕೆ ಮುಂಚೆ ನಾಲ್ಕಾರು ಜನ ಪಾಲು ಹಾಕಿ, ಹಳೆಯ ಮಾರುತಿಯಲ್ಲಿ ಖಂಬಾಟಕಿ ಘಾಟು ದಾಟಿ ಊರಿಗೆ ಹೋಗುವವರು ಯಾರು? ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ನಮ್ಮ ಕೈಗೆ ಬರುವ ಗಾಡಿಗಳೆಲ್ಲ ಮುದುಕ ಗಾಡಿಗಳು. ಬಿಡಿಭಾಗ ಬದಲಿಸದೆ ಗತಿಯಿಲ್ಲ.

ಬದಲಿಸಹೊರಟರೆ ಎರಡು ಉಪದೇಶ ಕೇಳಬೇಕು. "ಕಂಪನಿಯ ಮಾಲನ್ನೇ ಹಾಕಿ, ಇಲ್ಲವಾದರೆ ನಾವು ಜವಾಬ್ದಾರರಲ್ಲ" ಎನ್ನುತ್ತಾನೆ ಸರ್ವಿಸ್ ಸ್ಟೇಷನ್ನಿನವನು. "ನಾನಾ ಪೇಠೆಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆ, ಎಲ್ಲ ಒಂದೇ" ಎನ್ನುತ್ತಾನೆ ಗಲ್ಲಿಯ ಮೇಸ್ತ್ರಿ. ಮಾಲನ್ನು ಮಾಡಿದವನು ಯಾರು ಎಂಬುದನ್ನು ಮಾತ್ರ ಇಬ್ಬರೂ ಹೇಳುವುದಿಲ್ಲ.

ಕಾರಿನ ಕಂಪನಿ ತನ್ನ ಕಾರಿನ ಬಿಡಿಭಾಗಗಳಲ್ಲಿ ಬಹುಪಾಲನ್ನು ತಾನು ಮಾಡುವುದೇ ಇಲ್ಲ. ಭೋಸರಿ, ಚಾಕಣ, ಚಿಂಚವಡಗಳಲ್ಲಿ ನಮ್ಮಂಥ ಕೂಲಿಕಾರರು ಪಾಳಿಯ ಮೇಲೆ ದುಡಿದು ಮಾಡುತ್ತಾರೆ. ಮೈಕೋ ಪ್ಲಗ್ಗು ನಮ್ಮ ಬೆಂಗಳೂರಿನ ಕೆಲಸಗಾರರ ಕೈಯಿಂದಲೇ ಹೊರಟು ದೇಶವನ್ನೆಲ್ಲ ಸುತ್ತಿತು. ಅಂಥ ತಯಾರಕನ ಮಾಲು ಕಾರು ಕಂಪನಿಯ ಡಬ್ಬಿಯಲ್ಲಿ ಕೂತರೆ ಒಂದು ಬೆಲೆ, ತಯಾರಕನ ಸ್ವಂತ ಡಬ್ಬಿಯಲ್ಲಿ ಕೂತರೆ ಇನ್ನೊಂದು ಬೆಲೆ. ಒಂದೇ ಹಿಟ್ಟಿನ, ಒಂದೇ ಕಾವಲಿಯ ದೋಸೆ ಎ.ಸಿ. ಕೋಣೆಗೆ ಹೋದೊಡನೆ ತುಟ್ಟಿಯಾಗುವುದನ್ನು ದಿನಾ ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಇದು ಬರಿಯ ನನ್ನ ಹೊಟ್ಟೆಯುರಿಯ ಮಾತಲ್ಲ. 2014ರ ಆಗಸ್ಟ್ 25ರಂದು ಭಾರತ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳು ಪೇಟೆಯಲ್ಲಿ ಸರಾಗವಾಗಿ ಸಿಗದಂತೆ ತಡೆದದ್ದು, ತಯಾರಕರು ನೇರವಾಗಿ ಮಾರದಂತೆ ಕರಾರಿನಲ್ಲಿ ಕಟ್ಟಿಹಾಕಿದ್ದು, ಗಿರಾಕಿಯಿಂದ ಮನಬಂದ ಬೆಲೆ ಕಿತ್ತದ್ದು, ಇವು ಅವರ ಮೇಲಿನ ಆರೋಪಗಳು. ಹೊರಗಿನ ಮೇಸ್ತ್ರಿಯ ಹತ್ತಿರ ಹೋದನೆಂಬ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡುವಂತಿಲ್ಲವೆಂದೂ ಆಯೋಗ ಹೇಳಿತು. ಕಂಪನಿಗಳು ಕೋರ್ಟಿನ ಮೆಟ್ಟಿಲು ಹತ್ತಿದವು, ಅದು ಬೇರೆ ಕಥೆ. ಹದಿನೈದು ವರ್ಷದ ಗಾಡಿಗೆ ವಾರಂಟಿಯೆಲ್ಲಿ ಬಂತು, ಅದು ಹೋದೀತೆಂದು ಹೆದರುವುದಕ್ಕೆ?

ಕಂಪನಿಯ ಡಬ್ಬಿಯೊಂದನ್ನೇ ನೆಚ್ಚಿದ್ದರೆ ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು ಎಂದೋ ಗುಜರಿಗೆ ಹೋಗುತ್ತಿದ್ದವು. ತಯಾರಿಕೆ ನಿಂತು ಎರಡು ದಶಕ ಕಳೆದರೂ ಅವು 2023ರ ಅಕ್ಟೋಬರಿನವರೆಗೆ ಓಡಿ ಸಾವಿರಾರು ಸಂಸಾರಗಳಿಗೆ ಅನ್ನ ಹಾಕಿದವು.

ಹಾಗೆಂದು ಅಗ್ಗದ್ದನ್ನೆಲ್ಲ ಕಣ್ಣುಮುಚ್ಚಿ ಕೊಳ್ಳಬೇಡಿ. ಬಾಗಿಲ ಹಿಡಿ, ಕನ್ನಡಿ, ಬಂಪರುಗಳನ್ನು ಗುಜರಿಯಿಂದ ತಂದರೂ ನಡೆದೀತು. ಬ್ರೇಕ್ ಶೂ, ಬ್ರೇಕಿನ ರಬ್ಬರು, ಸ್ಟಿಯರಿಂಗಿನ ಕೀಲು, ಟೈಮಿಂಗ್ ಬೆಲ್ಟು ಹಾಗಲ್ಲ. ಕಳಪೆ ಲೈನಿಂಗು ಸಪಾಟು ರಸ್ತೆಯಲ್ಲಿ ಸುಮ್ಮನಿದ್ದು, ಘಾಟಿನ ಇಳಿಜಾರಿನಲ್ಲಿ ಕಾಯ್ದಾಗ ಹಿಡಿತ ಬಿಡುತ್ತದೆ. ಹೆಸರಾಂತ ಡಬ್ಬಿಯನ್ನೇ ನಕಲು ಮಾಡುವ ಕಳ್ಳರೂ ಇದ್ದಾರೆ. ಆದುದರಿಂದ ತಯಾರಕನ ಹೆಸರು ವಿಳಾಸ, ಪಾರ್ಟ್ ನಂಬರು, ಛಾಪಿಸಿದ ಬೆಲೆ ನೋಡಿ. ಹಳೆಯ ಭಾಗವನ್ನು ಪಕ್ಕದಲ್ಲಿಟ್ಟು ಹೋಲಿಸಿ. ಬಿಲ್ಲು ಕೊಡದವನ ಅಂಗಡಿಯಲ್ಲಿ ಬ್ರೇಕು ಕೊಳ್ಳಬೇಡಿ. ನಾಳೆ ಗ್ರಾಹಕರ ಆಯೋಗಕ್ಕೆ ಹೋದರೆ ತೋರಿಸಲು ಆ ಚೀಟಿಯೇ ಬೇಕು.

ಇನ್ನು ಧಣಿಗಳ ವಿಷಯ. ಸ್ವಂತ ಕಾರಿಗೆ ಕಂಪನಿಯ ಡಬ್ಬಿ, ಸಾಮಾನಿನ ಓಮ್ನಿಗೆ ಹೆಸರಿಲ್ಲದ ಪೊಟ್ಟಣ! ನಾನು ದುಡಿದ ಒಂದು ಹೋಟೆಲಿನಲ್ಲಿ ಇದೇ ಪದ್ಧತಿ. ಗಾಡಿ ಗೋಡೆಗೆ ತಾಗಿದರೆ ರಿಪೇರಿಯ ಹಣ ಡ್ರೈವರನ ಸಂಬಳದಲ್ಲಿ ಮುರಿ. ಬ್ರೇಕು ಆರಿಸುವವರು ಅವರು, ಪೆಡಲ್ ತುಳಿಯುವವನು ನಾನು, ದಂಡ ತೆರುವವನೂ ನಾನು! ಇದಾವ ನ್ಯಾಯ?

ಮುಂದಿನ ಸಂಬಳದ ಮಾತುಕತೆಗೆ ಹೋಗುವ ಗೆಳೆಯರು ಬೇಡಿಕೆಯ ಪಟ್ಟಿಯಲ್ಲಿ ಇದನ್ನೂ ಬರೆದುಕೊಳ್ಳಲಿ: ಬ್ರೇಕ್, ಸ್ಟಿಯರಿಂಗಿನ ಮಾಲಿನ ಬಿಲ್ಲನ್ನು ಡ್ರೈವರನಿಗೆ ತೋರಿಸಬೇಕು, ಬ್ರೇಕು ಸರಿಯಿಲ್ಲವೆಂದು ಅವನು ಹೇಳಿದ ದಿನ ಗಾಡಿ ಹೊರಡಕೂಡದು, ಆ ದಿನದ ಸಂಬಳ ಕಡಿಯಕೂಡದು.