ಅಂಡಮಾನಿಗಿಂತ ಮೊದಲು ಮಲ್ಪೆ

ಹೊರರಾಜ್ಯದಲ್ಲಿ ದುಡಿಯುವ ನಮ್ಮ ರಜೆಗೆ ಎರಡೇ ಖಾನೆ. ಒಂದು ಊರು, ಇನ್ನೊಂದು ಟೂರು. ಊರಿಗೆ ಹೋದರೆ ಮಕ್ಕಳಿಗೆ ಬೇಸರ, ಟೂರಿಗೆ ಹೋದರೆ ನಮಗೆ ಒಳಗೊಳಗೇ ಅಳುಕು. ಕಳೆದ ಭಾನುವಾರ ಹೈದರಾಬಾದಿನ ನಮ್ಮ ಮನೆಯಲ್ಲಿ ಡಿಸೆಂಬರ್ ರಜೆಯ ಲೆಕ್ಕ ಶುರುವಾದಾಗಲೂ ಇದೇ ಕಥೆ. ನನ್ನ ಬಳಿ ಉಳಿದಿರುವುದು 9 ದಿನದ ರಜೆ. ಮಕ್ಕಳ ಬೇಡಿಕೆ ದ್ವೀಪ, ಅದೂ ಒಂದಲ್ಲ, ಮೂರು. ನಮ್ಮ ಬಾಯಲ್ಲಿ ಇನ್ನೂ ಪೋರ್ಟ್ ಬ್ಲೇರ್ ಆಗಿಯೇ ಉಳಿದಿರುವ ಶ್ರೀ ವಿಜಯಪುರಂಗೆ ವಿಮಾನ, ಅಲ್ಲಿಂದ ಹಡಗಿನಲ್ಲಿ ಸ್ವರಾಜ್ ದ್ವೀಪ, ಆಮೇಲೆ ಶಹೀದ್ ದ್ವೀಪ.

ಅಷ್ಟರಲ್ಲಿ ರಾಯಚೂರಿನಿಂದ ಅವ್ವನ ಫೋನು ಬಂತು. 'ಅಜ್ಜಿ, ನಾವು ದ್ವೀಪಕ್ಕೆ ಹೋಗ್ತಿದೀವಿ, ನೀನೂ ಬಾ' ಎಂದಳು ಮಗಳು. 'ದ್ವೀಪ ಅಂದ್ರ ಗಡ್ಡಿ ಅಲ್ಲೇನವ್ವಾ? ನಾ ಕುರುಗಡ್ಡಿಗೆ ತೆಪ್ಪದಾಗ ಎಷ್ಟು ಸಲ ಹೋಗಿ ಬಂದೀನಿ. ನೀವು ಹೋಗಿ ಬರ್ರಿ. ಸಮುದ್ರ ಹೆಂಗಿರ್ತದ ಅಂತ ಬಂದು ಹೇಳ್ರಿ' ಎಂದಳು ಅವ್ವ.

ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಕೃಷ್ಣೆ, ತುಂಗಭದ್ರೆಯರ ನಡುವೆ ಬಾಳಿದ ಅವ್ವನಿಗೆ ಈಗ 68. ಒಮ್ಮೆಯೂ ಸಮುದ್ರ ನೋಡಿಲ್ಲ. ನಾನು ಆಫೀಸಿನ ಕೆಲಸಕ್ಕೆಂದೇ ನಾಲ್ಕು ಕರಾವಳಿ ನಗರ ಸುತ್ತಿದ್ದೇನೆ.

ಅವ್ವ ಹೇಳಿದ ಕುರುಗಡ್ಡೆಯೇ ಕುರುವಪುರ. ಕೃಷ್ಣಾ ನದಿಯ ನಡುವಿನ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ. ಹೈದರಾಬಾದಿನ ಭಕ್ತರೂ ಮಕ್ತಲ್ ಕಡೆಯಿಂದ ಅಲ್ಲಿಗೆ ಬರುತ್ತಾರೆ. ರಾಯಚೂರು ಜಿಲ್ಲೆಯಲ್ಲಿ ಇಂಥ ಜನವಸತಿಯ ನಡುಗಡ್ಡೆಗಳು ಇನ್ನೂ ಇವೆ. ಅಲ್ಲಿನವರಿಗೆ ದ್ವೀಪವೆಂದರೆ ವಿಹಾರವಲ್ಲ. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ತೆಪ್ಪ ನಿಲ್ಲುತ್ತದೆ. ಶಾಲೆ, ಆಸ್ಪತ್ರೆ, ಸಂತೆ ಎಲ್ಲವೂ ಆಚೆ ದಡದಲ್ಲೇ ಉಳಿಯುತ್ತವೆ. ಲಕ್ಷ ರೂಪಾಯಿ ಕೊಟ್ಟು ದ್ವೀಪ ಹುಡುಕುವ ನಾವು ಈ ಗಡ್ಡೆಗಳ ಸೇತುವೆಯ ಬಗ್ಗೆ ಒಂದು ಮಾತನ್ನಾದರೂ ಆಡಬೇಕು.

ಮೊದಲು ಲಕ್ಷದ್ವೀಪದ ಮಾತೂ ಬಂದಿತ್ತು. ಅಲ್ಲಿಗೆ ಮುಂಚಿತವಾಗಿ ಪ್ರವೇಶ ಪರವಾನಗಿ ಬೇಕು. ಅದರ ಉತ್ತರಭಾಗದ ಅಮಿನಿ, ಕಡಮತ್ ಮುಂತಾದ ದ್ವೀಪಗಳು 1956ರವರೆಗೆ ಮಂಗಳೂರನ್ನು ಕೇಂದ್ರವಾಗಿಟ್ಟುಕೊಂಡ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅದೇ ವರ್ಷದ ನವೆಂಬರ್ 1ರಂದು ಅವು ಆ ಜಿಲ್ಲೆಯಿಂದ ಬೇರೆಯಾದವು, ನಮ್ಮ ರಾಯಚೂರು ಹೈದರಾಬಾದ್ ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯ ಸೇರಿತು. ಕಡಲ ನಡುವಿನವರಿಗೂ ಬಯಲುಸೀಮೆಯವರಿಗೂ ವಿಳಾಸ ಬದಲಾದ ದಿನ ಒಂದೇ!

ಕೊನೆಗೆ ಹೊಸ ಲೆಕ್ಕ ಹಾಕಿದೆವು. ಕಾಚಿಗುಡದಿಂದ ಮಂಗಳೂರಿಗೆ ವಾರಕ್ಕೆರಡು ಸಲ ಹೋಗುತ್ತಿದ್ದ ರೈಲು 2024ರಲ್ಲಿ ಮುರುಡೇಶ್ವರದವರೆಗೆ ವಿಸ್ತರಣೆಯಾಗಿದೆ. ಅದು ಆಂಧ್ರ, ತಮಿಳುನಾಡು, ಕೇರಳ ಸುತ್ತಿ, ಕಾಸರಗೋಡು ದಾಟಿ ಕರ್ನಾಟಕಕ್ಕೆ ಬರುತ್ತದೆ. ದಾರಿ ದೂರವೇ, ಆದರೆ ಅವ್ವ ಮಲಗಿಕೊಂಡು ಬರಬಹುದು. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಕಡಲಲ್ಲಿ ನೇತ್ರಾಣಿ ದ್ವೀಪವಿದೆ. ಅದರ ಸುತ್ತ ಮಕ್ಕಳು ಹವಳ, ಮೀನು ನೋಡಬಹುದು. ಆಮೇಲೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ. ಅಲ್ಲಿನ ಕಂಬದಂಥ ಕಲ್ಲುಗಳು ಭಾರತ ಮತ್ತು ಮಡಗಾಸ್ಕರ್ ಬೇರ್ಪಡುವ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾದಿಂದ ಆದವು. ದಿನ ಉಳಿದರೆ ಕಾರವಾರದ ಎದುರಿನ ಕೂರ್ಮಗಡ, ಅಲ್ಲಿ ನರಸಿಂಹ ದೇವಸ್ಥಾನವಿದೆ. ಮೂರು ದ್ವೀಪದ ಲೆಕ್ಕ ಸರಿಹೋಯಿತು, ಮಕ್ಕಳೂ ಒಪ್ಪಿದರು.

ಅವ್ವನ ಮಂಡಿನೋವೊಂದೇ ಚಿಂತೆ. ತಾನು ಹೋದಾಗ ದ್ವೀಪದ ಹತ್ತಿರ ದೊಡ್ಡ ಬೋಟಿನಿಂದ ಸಣ್ಣ ದೋಣಿಗೆ ಇಳಿಯಬೇಕಾಯಿತು ಎಂದು ಉಡುಪಿಯ ಸಹೋದ್ಯೋಗಿ ಎಚ್ಚರಿಸಿದ. ಆಗದಿದ್ದರೆ ಅವ್ವ ಮಲ್ಪೆಯ ದಡದಲ್ಲೇ ಕೂತು ನೋಡಲಿ. ಆದರೆ ಪ್ರವಾಸೋದ್ಯಮದ ಜಾಹೀರಾತಿಗೆ ಖರ್ಚು ಮಾಡುವ ಸರ್ಕಾರ, ವಯಸ್ಸಾದವರು ಕೈಹಿಡಿದು ಇಳಿಯಬಹುದಾದ ಕಟ್ಟೆಯೊಂದನ್ನು ಮೊದಲು ಕಟ್ಟಿಸಲಿ. ಮಳೆಗಾಲದಲ್ಲಿ ಬೋಟು ನಿಲ್ಲುವುದು ಸರಿಯೇ; ಯಾವಾಗ ನಿಲ್ಲುತ್ತದೆ, ಯಾವಾಗ ಶುರುವಾಗುತ್ತದೆ ಎಂಬುದು ದೂರದಲ್ಲಿ ಕೂತು ರಜೆ ಹೊಂದಿಸುವ ನಮಗೂ ಮುಂಚೆಯೇ ತಿಳಿಯಬೇಕು.

ಅಂಡಮಾನ್ ಬೇಡವೆನ್ನುತ್ತಿಲ್ಲ. ಅದು ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಅವ್ವನ ಮಂಡಿಯ ಬಗ್ಗೆ ಆ ಮಾತು ಹೇಳಲಾರೆ. ಅಪ್ಪನಿಗೆ ನಾನು 'ಮುಂದಿನ ವರ್ಷ' ಎಂದು ಮೂರು ಸಲ ಹೇಳಿದ್ದೆ. ನಾಲ್ಕನೆಯ ಸಲ ಹೇಳುವ ಪ್ರಸಂಗ ಬರಲಿಲ್ಲ.

ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ನೀವು ಪುಣೆಯಲ್ಲಿರಿ, ಚೆನ್ನೈಯಲ್ಲಿರಿ, ಟಿಕೆಟ್ ಕಾದಿರಿಸುವ ಮುನ್ನ ಊರಿಗೊಂದು ಫೋನು ಮಾಡಿ. 'ನೀವು ಹೋಗಿ ಬರ್ರಿ' ಎಂದರೆ ಅದನ್ನೇ ಉತ್ತರವೆಂದು ತಿಳಿಯಬೇಡಿ, ಇನ್ನೊಮ್ಮೆ ಕೇಳಿ. ನಾನು ಕೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎಷ್ಟು ಸೀರಿ ತರ್ಬೇಕು?' ಎಂದಳು.