ಕೆಂಪು ನೆಲದ ಅತಿಥಿಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಕನ್ನಡನಾಡಿನ ಹಿರಿಯರ ಮಾತು. ಈ ಮಾತನ್ನು ಕೇಳದವರಿಲ್ಲ. ಆದರೆ ದೇಶ ಸುತ್ತುವುದೆಂದರೇನು ಎಂದು ವಿಚಾರಿಸಿದವರು ವಿರಳ. ಕೋಶವನ್ನು ಓದುವವನು ಹಾಳೆಗಳನ್ನು ಮಗುಚಿದರಷ್ಟೇ ಸಾಲದು, ಅರ್ಥವನ್ನು ಗ್ರಹಿಸಬೇಕು. ದೇಶ ಸುತ್ತುವವನಿಗೂ ಇದೇ ನಿಯಮ. ಊರಿಂದ ಊರಿಗೆ ಧಾವಿಸಿ, ಕಂಡ ಕಂಡ ಕಡೆ ನಿಂತು ಚಿತ್ರ ತೆಗೆಸಿಕೊಂಡು ಹಿಂದಿರುಗಿದ ಮಾತ್ರಕ್ಕೆ ದೇಶ ಸುತ್ತಿದಂತಾಗುವುದಿಲ್ಲ. ಈ ಪಾಠವನ್ನು ಕಟ್ಟುನಿಟ್ಟಾಗಿ ಕಲಿಸುವ ಪ್ರದೇಶಗಳಲ್ಲಿ ಆಸ್ಟ್ರೇಲಿಯಾ ಖಂಡದ ಒಳನಾಡಿನ ಮರುಭೂಮಿಯೂ ಒಂದು. ಗೆಳೆಯರು ಗುಂಪು ಕಟ್ಟಿಕೊಂಡು, ಡೇರೆ ಹಾಸಿಗೆಗಳೊಡನೆ ಅಲ್ಲಿಗೆ ತೆರಳಿ, ಇರುಳನ್ನು ಬಯಲಿನಲ್ಲಿ ಕಳೆಯುತ್ತ ಪ್ರವಾಸ ಮಾಡುವುದು ಇಂದು ವಾಡಿಕೆಯಾಗಿದೆ. ಅಂಥ ಪ್ರವಾಸ ಸಾಹಸದ ಪ್ರದರ್ಶನವಾಗಬೇಕೆ, ಸಂಯಮದ ಶಿಕ್ಷಣವಾಗಬೇಕೆ ಎಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಆಸ್ಟ್ರೇಲಿಯಾದ ಜನರಲ್ಲಿ ಬಹುಪಾಲು ಕರಾವಳಿಯ ಸಮೀಪದ ನಗರಗಳಲ್ಲಿಯೇ ನೆಲೆಸಿದ್ದಾರೆ. ಅವರು ಔಟ್‌ಬ್ಯಾಕ್ ಎಂದು ಕರೆಯುವ ಒಳನಾಡು ವಿಸ್ತಾರದಲ್ಲಿ ಅಪಾರ, ಜನವಸತಿಯಲ್ಲಿ ಅತ್ಯಲ್ಪ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ತುಕ್ಕು ಹಿಡಿದುದರಿಂದ ಅಲ್ಲಿನ ನೆಲಕ್ಕೆ ಕೆಂಪು ಬಣ್ಣ ಬಂದಿದೆ. ಸಿಂಪ್ಸನ್ ಮರುಭೂಮಿಯಲ್ಲಿ ಸಾವಿರಕ್ಕೂ ಹೆಚ್ಚು ಮರಳ ದಿಬ್ಬಗಳು ನೇಗಿಲ ಸಾಲುಗಳಂತೆ ಒಂದರ ಪಕ್ಕದಲ್ಲೊಂದು ಚಾಚಿಕೊಂಡಿವೆ. ಊಡ್ನಡಾಟಾ ಎಂಬ ಪುಟ್ಟ ಊರಿನಲ್ಲಿ 1960ರ ಜನವರಿ 2ರಂದು ಉಷ್ಣತೆ 50.7 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಅದೇ ಒಳನಾಡಿನಲ್ಲಿ ಜುಲೈ ತಿಂಗಳ ಇರುಳು ನೀರು ಹೆಪ್ಪುಗಟ್ಟುವಷ್ಟು ಚಳಿಯೂ ಉಂಟು. ಪೋರ್ಟ್ ಆಗಸ್ಟಾದಿಂದ ಡಾರ್ವಿನ್‌ವರೆಗೆ ಸುಮಾರು 2,700 ಕಿಲೋಮೀಟರ್ ಉದ್ದದ ಹೆದ್ದಾರಿ ಈ ನೆಲವನ್ನು ಸೀಳಿಕೊಂಡು ಹೋಗುತ್ತದೆ. ಅದರಲ್ಲಿ ಕೆಲವೆಡೆ ಒಂದು ಪೆಟ್ರೋಲ್ ಬಂಕಿನಿಂದ ಇನ್ನೊಂದಕ್ಕೆ 200 ಕಿಲೋಮೀಟರಿಗೂ ಮಿಕ್ಕಿದ ದೂರವಿದೆ.

ಇಂಥ ನೆಲದಲ್ಲಿ ಸಂಚರಿಸುವ ಗೆಳೆಯರ ಗುಂಪಿಗೆ ಮೊದಲು ಬೇಕಾದುದು ಶಿಸ್ತು. ಒಬ್ಬೊಬ್ಬರಿಗೆ ದಿನಕ್ಕೆ ಹಲವು ಲೀಟರ್ ನೀರಿನಂತೆ ಲೆಕ್ಕ ಹಾಕಿ, ಅದರ ಮೇಲೆ ಆಪತ್ತಿಗೆಂದು ಬೇರೆಯಾಗಿ ನೀರು ಕೂಡಿಡಬೇಕು. ಒಬ್ಬರು ವಾಹನವನ್ನು ನಡೆಸಿದರೆ ಇನ್ನೊಬ್ಬರು ನಕ್ಷೆ ನೋಡಬೇಕು. ಒಬ್ಬರು ಸೌದೆ ಹೊಂದಿಸಿದರೆ ಇನ್ನೊಬ್ಬರು ಅಡಿಗೆಗೆ ಕೂಡಬೇಕು. ಕ್ಯಾನ್ವಾಸ್ ಬಟ್ಟೆಯ ಸುರುಳಿ ಹಾಸಿಗೆಯನ್ನು ಸಂಜೆ ಬಿಡಿಸಿ, ಬೆಳಗ್ಗೆ ತಾವೇ ಸುತ್ತಿ ಕಟ್ಟಬೇಕು. ಊರಿನಲ್ಲಿ ಸ್ನೇಹವೆಂದರೆ ಬಹುಮಟ್ಟಿಗೆ ಮಾತುಕತೆ. ಇಲ್ಲಿ ಸ್ನೇಹವೆಂದರೆ ದುಡಿಮೆ. ಊರಿನಲ್ಲಿ ಮುನಿಸಿಕೊಂಡವನು ಎದ್ದು ಮನೆಗೆ ಹೋಗಬಹುದು; ಇಲ್ಲಿ ಮುನಿಸಿಕೊಂಡವನಿಗೆ ಹೋಗಲು ಬೇರೆ ಮನೆಯಿಲ್ಲ. ಗೆಳೆಯನ ಗುಣವನ್ನು ತಿಳಿಯಬೇಕಾದರೆ ಅವನೊಡನೆ ನಾಲ್ಕು ದಿನ ನೀರಿಲ್ಲದ ನಾಡಿನಲ್ಲಿ ನಡೆಯಬೇಕು ಎಂದರೆ ಅತಿಶಯೋಕ್ತಿಯಾಗಲಾರದು.

ಈ ಮಾತಿನ ಸತ್ಯಾಂಶವನ್ನು ಅರಿಯಲು ಚರಿತ್ರೆಯ ಒಂದು ಪ್ರಸಂಗವೇ ಸಾಕು. 1860ರ ಆಗಸ್ಟ್ 20ರಂದು ರಾಬರ್ಟ್ ಒಹಾರ ಬರ್ಕ್ ಎಂಬುವನ ನಾಯಕತ್ವದಲ್ಲಿ ಒಂದು ತಂಡ ಮೆಲ್ಬರ್ನ್ ನಗರದಿಂದ ಹೊರಟಿತು. ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಬೇಕೆಂಬುದು ಅದರ ಗುರಿ. ಸಾವಿರಾರು ಜನ ನೆರೆದು ಜಯಘೋಷ ಮಾಡಿದರು. ಹಣಕ್ಕೆ ಕೊರತೆಯಿರಲಿಲ್ಲ, ಸಾಮಗ್ರಿಗೆ ಕೊರತೆಯಿರಲಿಲ್ಲ, ಧೈರ್ಯಕ್ಕಂತೂ ಕೊರತೆಯೇ ಇರಲಿಲ್ಲ. ಕೊರತೆಯಿದ್ದುದು ತಾಳ್ಮೆಗೆ, ಒಗ್ಗಟ್ಟಿಗೆ. ಕೆಲವು ವಾರಗಳಲ್ಲಿಯೇ ಉಪನಾಯಕನು ಬರ್ಕ್‌ನೊಡನೆ ಜಗಳವಾಡಿ ತಂಡವನ್ನು ತೊರೆದನು. ಬೇರೆಯವರಿಗಿಂತ ಮೊದಲು ಉತ್ತರದ ಕಡಲನ್ನು ಮುಟ್ಟಬೇಕೆಂಬ ಆತುರದಿಂದ ಬರ್ಕ್ ತಂಡವನ್ನು ಒಡೆದನು. ಮುಂದೆ ಕೂಪರ್ ಹೊಳೆಯ ದಂಡೆಯಲ್ಲಿ ಮತ್ತೊಮ್ಮೆ ಒಡೆದನು. ಅಲ್ಲಿ ಕೆಲವರನ್ನು ಕಾವಲಿಗೆ ಬಿಟ್ಟು ವಿಲ್ಸ್, ಕಿಂಗ್, ಗ್ರೇ ಎಂಬ ಮೂವರೊಡನೆ ಅವನು ಉತ್ತರಕ್ಕೆ ನಡೆದನು. 1861ರ ಫೆಬ್ರವರಿಯಲ್ಲಿ ಅವರು ಕಾರ್ಪೆಂಟೇರಿಯಾ ಕೊಲ್ಲಿಯ ಸಮೀಪಕ್ಕೆ ತಲುಪಿದರು. ಆದರೆ ಹಿಂದಿರುಗುವ ದಾರಿಯಲ್ಲಿ ಆಹಾರ ತೀರುತ್ತ ಬಂದು, ಏಪ್ರಿಲ್ ತಿಂಗಳಲ್ಲಿ ಗ್ರೇ ಅಸುನೀಗಿದನು.

ಉಳಿದ ಮೂವರು ನಿತ್ರಾಣರಾಗಿದ್ದರೂ ಒಂದು ದಿನ ನಿಂತು ಗೆಳೆಯನಿಗೆ ಗುಣಿ ತೋಡಿದರು. ಏಪ್ರಿಲ್ 21ರ ಸಂಜೆ ಅವರು ಕೂಪರ್ ದಂಡೆಯನ್ನು ಸೇರಿದಾಗ ಶಿಬಿರ ಬರಿದಾಗಿತ್ತು. ಮೂರು ತಿಂಗಳು ಕಾಯಬೇಕಾಗಿದ್ದ ಕಾವಲಿನವರು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಕಾದು, ಅದೇ ದಿನ ಬೆಳಗ್ಗೆ ಹೊರಟುಹೋಗಿದ್ದರು. ನೆಲವನ್ನು ಅಗೆಯಿರಿ ಎಂದು ಮರದ ಮೇಲೆ ಅವರು ಕೆತ್ತಿದ್ದ ಗುರುತಿನಂತೆ ಅಗೆದಾಗ ಸ್ವಲ್ಪ ಆಹಾರ ದೊರೆಯಿತು. ಬರ್ಕ್ ತನ್ನ ಪತ್ರವೊಂದನ್ನು ಅದೇ ಗುಣಿಯಲ್ಲಿಟ್ಟು ಮುಚ್ಚಿದನು. ತಾವು ಬಂದು ಹೋದುದನ್ನು ಸೂಚಿಸುವ ಹೊಸ ಗುರುತನ್ನು ಮಾತ್ರ ಮರದ ಮೇಲೆ ಮಾಡಲಿಲ್ಲ. ಮೇ ತಿಂಗಳಲ್ಲಿ ಕಾವಲಿನವನು ಮತ್ತೊಮ್ಮೆ ಬಂದು ನೋಡಿ, ಯಾರೂ ಬಂದಿಲ್ಲವೆಂದು ಬಗೆದು ಮರಳಿದನು. ಜೂನ್ ಕೊನೆಯ ಹೊತ್ತಿಗೆ ಬರ್ಕ್, ವಿಲ್ಸ್ ಇಬ್ಬರೂ ತೀರಿಕೊಂಡರು.

ಗೆಳೆಯನನ್ನು ಹೂಳಲು ನಿಲ್ಲದಿದ್ದರೆ ಅವರು ಬದುಕುತ್ತಿದ್ದರಲ್ಲವೆ ಎಂದು ಕೇಳುವವರುಂಟು. ಲೆಕ್ಕ ಸರಿಯಿರಬಹುದು, ತೀರ್ಮಾನ ಸರಿಯಲ್ಲ. ಅವರನ್ನು ಕೆಡಿಸಿದ್ದು ಆ ಒಂದು ದಿನದ ಕರುಣೆಯಲ್ಲ, ಹಲವು ತಿಂಗಳ ಆತುರ. ಆ ಇಡೀ ಯಾತ್ರೆಯಲ್ಲಿ ಮನುಷ್ಯತ್ವಕ್ಕೆ ಶೋಭೆ ತಂದ ದಿನಗಳಲ್ಲಿ ಗುಣಿ ತೋಡಿದ ದಿನವೂ ಒಂದೆಂದು ಎಣಿಸಬೇಕು.

ನಾಲ್ವರಲ್ಲಿ ಬದುಕಿ ಉಳಿದವನು ಜಾನ್ ಕಿಂಗ್ ಒಬ್ಬನೆ. ಅವನನ್ನು ಉಳಿಸಿದವರು ಆ ನೆಲದ ಮೂಲನಿವಾಸಿಗಳಾದ ಯಂಡ್ರುವಂಡ ಜನ. ಅವರು ಮೊದಲಿನಿಂದಲೂ ಈ ಪ್ರಯಾಣಿಕರಿಗೆ ಮೀನನ್ನೂ ಹಿಟ್ಟನ್ನೂ ಕೊಟ್ಟಿದ್ದರು. ಬರ್ಕ್ ಅವರನ್ನು ನಂಬದೆ, ಒಮ್ಮೆ ಗುಂಡು ಹಾರಿಸಿ ದೂರ ಮಾಡಿಕೊಂಡನು. ನಾರ್ಡೂ ಎಂಬ ಜಲಸಸ್ಯದ ಬೀಜದಂಥ ಕಾಯಿಯನ್ನು ಅರೆದು ತಿನ್ನುವುದನ್ನು ಅವನ ತಂಡ ಅವರಿಂದ ಕಂಡಿತು. ಅದರ ದೋಷವನ್ನು ಕಳೆಯುವ ಕ್ರಮವನ್ನು ಪೂರ್ತಿಯಾಗಿ ಕಲಿಯಲಿಲ್ಲ. ಆದುದರಿಂದ ಹೊಟ್ಟೆ ತುಂಬಿದರೂ ಮೈಗೆ ಬಲ ಬರಲಿಲ್ಲ ಎಂಬುದು ಅನೇಕ ತಜ್ಞರ ಅಭಿಪ್ರಾಯ. ಕಿಂಗ್ ಮಾತ್ರ ಆ ಜನರ ಬಳಿಗೆ ಹೋಗಿ ಆಶ್ರಯ ಬೇಡಿದನು. ಸೆಪ್ಟೆಂಬರ್‌ನಲ್ಲಿ ಹುಡುಕುವ ತಂಡ ಬಂದಾಗ ಅವನು ಅವರೊಡನೆಯೇ ಇದ್ದನು. ಯಾವ ನೆಲದಲ್ಲಿ ಪರಿಶೋಧಕರು ಹಸಿವಿನಿಂದ ಸತ್ತರೋ ಅದೇ ನೆಲದಲ್ಲಿ ಮಕ್ಕಳು ಮರಿಗಳೊಡನೆ ಒಂದು ಜನಾಂಗ ಬಾಳುತ್ತಿತ್ತು. ನೆಲ ಬರಡಾಗಿರಲಿಲ್ಲ, ಕೇಳಿ ತಿಳಿಯುವ ವಿನಯ ಬರಡಾಗಿತ್ತು.

ಭಾರತಕ್ಕೂ ಈ ಮರುಭೂಮಿಗೂ ಒಂದು ಹಳೆಯ ನಂಟಿದೆ. ಬರ್ಕ್ ತಂಡಕ್ಕೆಂದು ಅಂದಿನ ಹಿಂದೂಸ್ಥಾನದ ಕರಾಚಿಯಿಂದ ಒಂಟೆಗಳನ್ನೂ ಅವುಗಳನ್ನು ನಡೆಸುವವರನ್ನೂ ಹಡಗಿನಲ್ಲಿ ಕರೆದೊಯ್ದಿದ್ದರು. ಮುಂದೆ ಹಲವು ದಶಕಗಳ ಕಾಲ ಆಫ್ಘಾನಿಸ್ತಾನ, ಬಲೂಚಿಸ್ತಾನ, ಸಿಂಧ್, ಪಂಜಾಬ್ ಮುಂತಾದ ಕಡೆಗಳಿಂದ ಹೋದ ಒಂಟೆ ಸವಾರರು ಆಹಾರ, ಉಣ್ಣೆ, ತಂತಿ ಕಂಬ ಮೊದಲಾದುವನ್ನು ಆ ಕಾಡುಮರಳಿನಲ್ಲಿ ಸಾಗಿಸಿದರು. ಬೇರೆ ಬೇರೆ ನಾಡಿನವರಾದ ಅವರೆಲ್ಲರಿಗೂ ಆಫ್ಘನ್ನರೆಂಬ ಒಂದೇ ಹೆಸರು ಬಿತ್ತು. ಅಡಿಲೇಡಿನಿಂದ ಡಾರ್ವಿನ್‌ಗೆ ಹೋಗುವ ರೈಲಿಗೆ ಘಾನ್ ಎಂಬ ಹೆಸರು ಬಂದುದು ಅವರಿಂದಲೇ. ದಾರಿ ತೋರಿದವರ ಹೆಸರು ರೈಲಿಗೆ ಉಳಿಯಿತು. ಆದರೆ ಬದುಕಿದ್ದಾಗ ಅವರಿಗೆ ಆ ದೇಶದ ಪೌರತ್ವ ದೊರೆಯುವುದೇ ದುರ್ಲಭವಾಗಿತ್ತು. ಇಂದು ನುಣುಪಾದ ರಸ್ತೆಯಲ್ಲಿ ಸಾಗುವ ಪ್ರವಾಸಿ ಇವರ ಋಣವನ್ನೂ ನೆನೆಯಬೇಕು.

ಮರುಭೂಮಿಯ ನಡುವೆ ಉಲುರು ಎಂಬ ಮಹಾಶಿಲೆಯಿದೆ. ಸುತ್ತಲಿನ ಬಯಲಿನಿಂದ 348 ಮೀಟರ್ ಎತ್ತರಕ್ಕೆ ಎದ್ದಿರುವ ಈ ಮರಳುಗಲ್ಲಿನ ಬುಡದ ಸುತ್ತಳತೆ ಸುಮಾರು 9.4 ಕಿಲೋಮೀಟರ್. ಸೂರ್ಯೋದಯ, ಸೂರ್ಯಾಸ್ತಗಳಲ್ಲಿ ಅದು ಬಣ್ಣ ಬದಲಿಸುವ ಸೊಬಗನ್ನು ನೋಡಲು ಲೋಕದ ನಾನಾ ಕಡೆಗಳಿಂದ ಜನ ಬರುತ್ತಾರೆ. ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಅದು ಪವಿತ್ರ ಸ್ಥಳ. 1985ರ ಅಕ್ಟೋಬರ್ 26ರಂದು ಸರ್ಕಾರ ಆ ನೆಲದ ಒಡೆತನವನ್ನು ಅವರಿಗೆ ಮರಳಿಸಿತು. ಶಿಲೆಯನ್ನು ಹತ್ತಬೇಡಿರೆಂದು ಅವರು ಬಹುಕಾಲ ವಿನಂತಿಸಿಕೊಂಡರು. ಆದರೂ ಹತ್ತುವವರು ಹತ್ತುತ್ತಲೇ ಇದ್ದರು. 35ಕ್ಕೂ ಹೆಚ್ಚು ಮಂದಿ ಅಲ್ಲಿ ಪ್ರಾಣ ಕಳೆದುಕೊಂಡರು. ಕೊನೆಗೆ 2019ರ ಅಕ್ಟೋಬರ್ 26ರಿಂದ ಹತ್ತುವುದನ್ನು ಶಾಶ್ವತವಾಗಿ ನಿಲ್ಲಿಸಲಾಯಿತು.

ಇದರಿಂದ ಪ್ರವಾಸಿಯ ಸ್ವಾತಂತ್ರ್ಯಕ್ಕೆ ಕುಂದುಂಟಾಯಿತೆಂದು ವಾದಿಸುವವರಿದ್ದಾರೆ. ಬಂಡೆ ನಿಸರ್ಗದ ಸೃಷ್ಟಿ, ಅದು ಎಲ್ಲರಿಗೂ ಸೇರಿದ್ದು ಎಂಬುದು ಅವರ ನಿಲುವು. ಕೇಳಲು ಈ ಮಾತು ಉದಾರವಾಗಿ ತೋರುತ್ತದೆ. ಆದರೆ ಜಗಲಿಯಲ್ಲಿ ಕೂರಿಸಿ ನೀರು ಬೆಲ್ಲ ಕೊಟ್ಟ ಮನೆಯವರ ದೇವರ ಕೋಣೆಗೆ ಹೇಳದೆ ಕೇಳದೆ ನುಗ್ಗುವವನನ್ನು ಯಾರೂ ಅತಿಥಿಯೆನ್ನುವುದಿಲ್ಲ. ಅನಂಗು ಜನ ಯಾರನ್ನೂ ಬರಬೇಡಿರೆನ್ನಲಿಲ್ಲ. ಬುಡದ ಸುತ್ತ ನಡೆಯಿರಿ, ನೀರಿನ ಮಡುಗಳನ್ನು ನೋಡಿರಿ, ಗುಹೆಗಳ ಚಿತ್ರಗಳನ್ನು ನೋಡಿರಿ, ನಮ್ಮ ಕಥೆಗಳನ್ನು ಕೇಳಿರಿ ಎಂದರು. ನೆತ್ತಿಯನ್ನು ತುಳಿದವನಿಗೆ ಬಯಲಷ್ಟೇ ಕಾಣುತ್ತಿತ್ತು. ಬುಡವನ್ನು ಸುತ್ತಿದವನಿಗೆ ಒಂದು ಜನಾಂಗದ ಬಾಳು ಕಾಣುತ್ತದೆ. ಅಲ್ಲಿಂದ ನೆನಪಿಗೆಂದು ಕಲ್ಲುಗಳನ್ನು ಒಯ್ದ ಎಷ್ಟೋ ಪ್ರವಾಸಿಗಳು ವರ್ಷಗಳ ಅನಂತರ ಕ್ಷಮೆ ಬೇಡಿ ಅವುಗಳನ್ನು ಅಂಚೆಯ ಮೂಲಕ ಹಿಂದಿರುಗಿಸಿದ್ದಾರೆ. ಪ್ರವಾಸದ ಅರ್ಥ ಅವರಿಗೆ ತಡವಾಗಿಯಾದರೂ ಹೊಳೆದಿರಬೇಕು.

ಇನ್ನು ಕೆಲವರು ಬೇರೊಂದು ವಾದವನ್ನು ಮುಂದಿಡುತ್ತಾರೆ. ಬರ್ಕ್‌ನ ಕಾಲದಲ್ಲಿ ಒಂಟೆಗಳಿದ್ದುವು. ಇಂದು ಬಲವಾದ ಮೋಟಾರು ವಾಹನಗಳಿವೆ, ಉಪಗ್ರಹದ ಮೂಲಕ ಮಾತನಾಡುವ ದೂರವಾಣಿಗಳಿವೆ, ನಿಂತ ಸ್ಥಳವನ್ನು ಕರಾರುವಾಕ್ಕಾಗಿ ತಿಳಿಸುವ ಯಂತ್ರಗಳಿವೆ. ಹಳೆಯ ಎಚ್ಚರಿಕೆಗಳು ಈಗೇಕೆ ಎನ್ನುತ್ತಾರೆ. ಯಂತ್ರ ಸಹಾಯವನ್ನು ಕರೆಯಬಲ್ಲದು. ಆದರೆ ಸಹಾಯ ಬಂದು ತಲುಪಲು ಗಂಟೆಗಳು ಬೇಕು, ಒಮ್ಮೊಮ್ಮೆ ದಿನಗಳೇ ಬೇಕು. ಅಲ್ಲಿಯವರೆಗೆ ಜೀವ ಹಿಡಿದುಕೊಳ್ಳಲು ಬೇಕಾದುದು ನೀರು, ನೆರಳು, ವಿವೇಕ. ವಾಹನ ಕೆಟ್ಟು ನಿಂತರೆ ಅದನ್ನು ಬಿಟ್ಟು ಹೋಗಬಾರದು, ಒಬ್ಬರನ್ನೊಬ್ಬರು ಅಗಲಬಾರದು ಎಂಬುದು ಇಂದಿಗೂ ಅಲ್ಲಿನ ಮೊದಲ ಸೂತ್ರ. ನಡೆಯುವ ಮನುಷ್ಯನಿಗಿಂತ ನಿಂತ ವಾಹನ ಆಕಾಶದಿಂದ ಹುಡುಕುವವರ ಕಣ್ಣಿಗೆ ಬೇಗ ಬೀಳುತ್ತದೆ. ಕಡುಬೇಸಿಗೆಯಲ್ಲಿ ಸಿಂಪ್ಸನ್ ಮರುಭೂಮಿಯ ಸಂರಕ್ಷಿತ ಪ್ರದೇಶವನ್ನು ಪ್ರವಾಸಿಗಳಿಗೆ ಮುಚ್ಚುವುದೂ ಈ ಕಾರಣಕ್ಕಾಗಿಯೇ.

ಅಲ್ಲಿಯೇ ಬಾಳುವ ಜನ ಈ ಸತ್ಯವನ್ನು ಚೆನ್ನಾಗಿ ಬಲ್ಲರು. 1928ರಲ್ಲಿ ಜಾನ್ ಫ್ಲಿನ್ ಎಂಬ ಪಾದ್ರಿಯ ಪ್ರಯತ್ನದಿಂದ ವಿಮಾನದಲ್ಲಿ ಹಾರಿ ಹೋಗಿ ರೋಗಿಗಳನ್ನು ನೋಡುವ ವೈದ್ಯರ ಸೇವೆ ಆರಂಭವಾಯಿತು. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ರೇಡಿಯೋ ಮೂಲಕ ಪಾಠ ಹೇಳುವ ಶಾಲೆ ತೆರೆಯಿತು; ನೂರಾರು ಕಿಲೋಮೀಟರ್ ದೂರದ ಒಂಟಿಮನೆಗಳಲ್ಲಿದ್ದ ಮಕ್ಕಳು ಒಂದೇ ತರಗತಿಯ ಸಹಪಾಠಿಗಳಾದರು. ಮನೆಗಳು ದೂರವಾದಷ್ಟೂ ಮನಸ್ಸುಗಳು ಹತ್ತಿರವಾಗಬೇಕು ಎಂಬುದನ್ನು ಆ ನೆಲ ತನ್ನ ಮಕ್ಕಳಿಗೆ ಕಲಿಸಿದೆ. ಹಾದಿಯಲ್ಲಿ ನಿಂತ ವಾಹನವನ್ನು ಕಂಡರೆ ನಿಲ್ಲಿಸಿ ವಿಚಾರಿಸುವುದು ಅಲ್ಲಿ ಉಪಕಾರವಲ್ಲ, ಕರ್ತವ್ಯ.

ಆದುದರಿಂದ ಮರುಭೂಮಿಯ ಪ್ರವಾಸ ಬೇಡವೆಂದು ಹೇಳುವುದು ಸರಿಯಲ್ಲ. ತರುಣರು ಅವಶ್ಯವಾಗಿ ಹೋಗಬೇಕು. ದೀಪಗಳ ಬೆಳಕಿಲ್ಲದ ಆ ಇರುಳಿನಲ್ಲಿ, ಬೆಂಕಿಯ ಸುತ್ತ ಗೆಳೆಯರೊಡನೆ ಕುಳಿತು, ದಿಗಂತದಿಂದ ದಿಗಂತಕ್ಕೆ ಹಬ್ಬಿದ ನಕ್ಷತ್ರಗಳನ್ನು ನೋಡುವ ಸುಖ ಬೇರೆಲ್ಲಿಯೂ ಸುಲಭವಾಗಿ ದೊರೆಯದು. ಆದರೆ ಹೋಗುವವರು ಗೆಲ್ಲಲು ಹೋಗಬಾರದು, ಕಲಿಯಲು ಹೋಗಬೇಕು. ಕೊಂಡೊಯ್ದ ನೀರನ್ನು ಹಂಚಿಕೊಂಡು ಕುಡಿಯಬೇಕು. ಎಲ್ಲರಿಗಿಂತ ಮೆಲ್ಲಗೆ ನಡೆಯುವವನ ಹೆಜ್ಜೆಗೆ ಗುಂಪಿನ ಹೆಜ್ಜೆಯನ್ನು ಹೊಂದಿಸಬೇಕು. ನೆಲದವರ ಮಾತಿಗೆ ಕಿವಿಗೊಡಬೇಕು. ಬೆಳಗ್ಗೆ ಹೊರಡುವಾಗ ಬೆಂಕಿಯನ್ನು ನೀರು ಸುರಿದು ಆರಿಸಿ, ತಂದ ಕಸವನ್ನು ಮರಳಿ ಕಟ್ಟಿಕೊಂಡು, ತಂಗಿದ ಜಾಗವನ್ನು ಬರುವಾಗ ಇದ್ದಂತೆಯೇ ಬಿಟ್ಟು ನಡೆಯಬೇಕು. ಹೀಗೆ ನಡೆದುಕೊಂಡವನಿಗೆ ಲೋಕದ ಯಾವ ಮನೆಯೂ ಬಾಗಿಲು ಮುಚ್ಚುವುದಿಲ್ಲ.